ಚಾಕು ವಾಪಸ್ಸು, ಪೆಪ್ಪರ್ ಸ್ಪ್ರೇ ಜಪ್ತಿ

ನಮ್ಮ ರಸ್ತೆಗಳಲ್ಲಿ ವಾಹನ ತಪಾಸಣೆ ಮಾಡಿಸುವ ಮಾನ್ಯ ಪೊಲೀಸ್ ಸಾಹೇಬರೇ,

ಎರಡು ತಿಂಗಳ ಹಿಂದೆ ಹೊಸದುರ್ಗ ತಾಲ್ಲೂಕಿನ ಒಂದು ಚೆಕ್‌ಪೋಸ್ಟಿನಲ್ಲಿ ನಿಮ್ಮ ಸಿಬ್ಬಂದಿ ನನ್ನ ಸ್ಕೂಟರ್ ತಡೆದು, ಅದರಲ್ಲಿದ್ದ ಪೆಪ್ಪರ್ ಸ್ಪ್ರೇ ಡಬ್ಬಿಯನ್ನು ಕಿತ್ತುಕೊಂಡರು. ರಸೀದಿ ಕೊಡಲಿಲ್ಲ, ಯಾವ ಕಾನೂನಿನ ಯಾವ ಕಲಂ ಎಂದೂ ಹೇಳಲಿಲ್ಲ. ಅಂಗೈಯಲ್ಲಿ ಹಿಡಿಸುವ ಆ ಡಬ್ಬಿಯಿಂದ ಜಿಲ್ಲೆಯ ಶಾಂತಿಗೆ ಒದಗಿದ್ದ ಗಂಡಾಂತರವನ್ನು ತಪ್ಪಿಸಿದ್ದಕ್ಕೆ ಮೊದಲು ತಮಗೆ ಅಭಿನಂದನೆ. ಈಗ ಅದನ್ನು ವಾಪಸ್ಸು ಕೊಡಿ.

ನಾನು ಪಶುಸಖಿ. ಬಾಗೂರಿನ ಸುತ್ತಲ ಹಟ್ಟಿಗಳಿಗೆ ಹೋಗಿ ಕುರಿ, ಮೇಕೆಗಳಿಗೆ ಜಂತಿನ ಔಷಧಿ ಕುಡಿಸುವುದು, ಬೆಳೆದ ಗೊರಸು ಕತ್ತರಿಸುವುದು, ಕಾಯಿಲೆ ಜೋರಾದರೆ ಡಾಕ್ಟರಿಗೆ ಫೋನ್ ಮಾಡುವುದು ನನ್ನ ಕೆಲಸ. ಮಂದೆ ಮೇಯಲು ಹೊರಡುವ ಮುಂಚೆ, ಇಲ್ಲವೇ ಸಂಜೆ ರೊಪ್ಪದ ಬೇಲಿಯೊಳಕ್ಕೆ ಮರಳಿದ ಮೇಲೆ ಮಾತ್ರ ಇದು ಸಾಧ್ಯ. ಕಚೇರಿ ವೇಳೆಯಲ್ಲಿ ಬಾಯಿ ತೆರೆಯಿರಿ ಎಂದು ಸುತ್ತೋಲೆ ಕಳಿಸಿದರೆ ಕುರಿ ಕೇಳುವುದಿಲ್ಲ. ಹಾಗಾಗಿ ಜನ ಓಡಾಡದ ಹೊತ್ತಿನಲ್ಲಿ, ಜನ ಓಡಾಡದ ದಾರಿಯಲ್ಲಿ ನಾನು ಹೋಗಬೇಕು. ಇದು ಹಟ್ಟಿಯವರಿಗೆಲ್ಲ ಗೊತ್ತು. ಬೈಕಿನ ಮೇಲೆ ನನ್ನ ಹಿಂದೆ ಬರುತ್ತಿದ್ದ ಇಬ್ಬರು ಹುಡುಗರಿಗೂ ಗೊತ್ತಾಗಿತ್ತು.

ಮೊದಮೊದಲು ಅವರು ದೂರದಿಂದ ಸಿಳ್ಳೆ ಹಾಕುತ್ತಿದ್ದರು. ಆಮೇಲೆ ಪಕ್ಕಕ್ಕೆ ಬಂದು ದುಪಟ್ಟಾ ಎಳೆಯುವಷ್ಟಾದರು. ಒಂದು ಸಂಜೆ ಹುಚ್ಚಕ್ಕ ಎಂಬಾಕೆಯ ಹಟ್ಟಿಗೆ ಹೋಗುವ ದಾರಿಯಲ್ಲಿ ಬೈಕು ಅಡ್ಡ ನಿಲ್ಲಿಸಿ, ಒಬ್ಬ ನನ್ನ ಗಾಡಿಯ ಕೀ ಕಿತ್ತುಕೊಂಡ. ನಾನು ಕಾಲ ಬಳಿಯಿದ್ದ ಚೀಲದಿಂದ ಡಬ್ಬಿ ತೆಗೆದು ಅವನ ಮುಖಕ್ಕೆ ಸ್ಪ್ರೇ ಹೊಡೆದೆ. ಅವನು ಕೀ ಬಿಸಾಕಿ ಕಣ್ಣುಜ್ಜಿಕೊಳ್ಳುತ್ತ ಕುಸಿದ, ಇನ್ನೊಬ್ಬ ಅವನನ್ನು ಹಿಡಿದುಕೊಂಡ, ನಾನು ಬದುಕಿ ಮನೆಗೆ ಬಂದೆ. ಮರುದಿನ ಠಾಣೆಗೆ ಹೋಗಿ ಹೇಳಿದರೆ, ಮೇಜಿನ ಹಿಂದಿದ್ದವರು ಕೇಳಿದ ಮೊದಲ ಪ್ರಶ್ನೆ ಇದು: "ಏನವ್ವ, ಆ ಹುಡುಗ್ರ ಕಣ್ಣಿಗೆ ಏನಾರ ಆಗಿದ್ರೆ ಯಾರು ಜವಾಬ್ದಾರಿ?" ನನಗೇನಾದರೂ ಆಗಿದ್ದರೆ ಯಾರು ಎಂದು ಕೇಳುವ ಧೈರ್ಯ ಅವತ್ತು ಬರಲಿಲ್ಲ. ಇವತ್ತು ಕೇಳುತ್ತಿದ್ದೇನೆ.

ಇನ್ನು ತಪಾಸಣೆಯ ದಿನದ ಕಥೆ. ನಿಮ್ಮ ಸಿಬ್ಬಂದಿ ಸೀಟೆತ್ತಿಸಿ ಚೀಲ ಸುರಿಸಿದರು. ಮೊದಲು ಸಿಕ್ಕಿದ್ದು ಗೊರಸು ಕತ್ತರಿಸುವ ಚಾಕು. ಕಲ್ಲಿನಂಥ ಗೊರಸನ್ನು ಸೌತೆಕಾಯಿ ಹೆಚ್ಚಿದಂತೆ ಹೆಚ್ಚುತ್ತದೆ ಅದು.

"ಏನಮ್ಮ ಇದು?"

"ಕುರಿ ಗೊರಸು ಕತ್ತರಿಸಾದು ಸರ್. ಪಶುಸಖಿ ನಾನು."

"ಹೌದಾ? ಒಳ್ಳೆ ಕೆಲಸ ಬಿಡಮ್ಮ. ಹುಷಾರು, ಕೈ ಕುಯ್ಕಂಡೀಯ."

ಹೀಗೆಂದು ಅದನ್ನು ಬಟ್ಟೆಯಲ್ಲಿ ಸುತ್ತಿ, ಮರ್ಯಾದೆಯಿಂದ ನನ್ನ ಕೈಗಿತ್ತರು. ಆಮೇಲೆ ಡಬ್ಬಿ ಸಿಕ್ಕಿತು.

"ಇದ್ಯಾತಕ್ಕೆ?"

"ನನ್ನ ರಕ್ಷಣೆಗೆ ಸರ್. ಒಬ್ಬಳೇ ಓಡಾಡ್ತೀನಿ, ಭಯ ಆಗ್ತೈತೆ."

"ಭಯ ಯಾಕಮ್ಮ, ನಾವಿಲ್ವಾ? ಇಂಥವೆಲ್ಲ ಗಾಡಿಯಾಗೆ ಇಟ್ಕಂಡು ತಿರುಗಂಗಿಲ್ಲ. ಇದೂ ಆಯುಧನೇ."

ಅವರು ಇದ್ದದ್ದು ನಿಜ. ಆ ಗಳಿಗೆಯಲ್ಲಿ, ಆ ಬ್ಯಾರಿಕೇಡಿನ ಪಕ್ಕ, ಹೊಂಗೆ ಮರದ ನೆರಳಿನಲ್ಲಿ ಇದ್ದರು. ಹುಚ್ಚಕ್ಕನ ಹಟ್ಟಿಯ ದಾರಿಯಲ್ಲಿ ಮಾತ್ರ ನಾನು ಅವರನ್ನು ಎಂದೂ ಕಂಡಿಲ್ಲ.

ತಮ್ಮ ಈ ಅಪೂರ್ವ ನ್ಯಾಯಶಾಸ್ತ್ರ ನನ್ನ ಮಂದ ಬುದ್ಧಿಗೆ ಹೊಳೆದದ್ದು ಹೀಗೆ. ಕುತ್ತಿಗೆ ಕುಯ್ಯಬಲ್ಲ ವಸ್ತುವನ್ನು ಧಾರಾಳವಾಗಿ ಇಟ್ಟುಕೊಳ್ಳಬಹುದು, ಬೇರೆ ಕೆಲಸದ ನೆಪವೊಂದಿದ್ದರೆ ಸಾಕು. ಕಣ್ಣುರಿಸುವ ವಸ್ತು ಕೂಡದು, ಏಕೆಂದರೆ ಇಟ್ಟುಕೊಂಡವಳು ಹೆದರಿಕೆಯಾಗುತ್ತದೆ ಎಂದು ಬಾಯಿಬಿಟ್ಟಿದ್ದಾಳೆ. ಅಂದರೆ ನೀವು ಜಪ್ತಿ ಮಾಡಿದ್ದು ನನ್ನ ಸತ್ಯವನ್ನು ತಾನೇ? ನಮ್ಮ ಜನಕ್ಕೆ ಈ ಶಾಸ್ತ್ರ ಎಂದೋ ಬಾಯಿಪಾಠವಾಗಿದೆ. ಹಿರಿಯೂರಿನ ಹೆದ್ದಾರಿಯಲ್ಲಿ ಲಾರಿಯವರು ಸೀಟಿನ ಕೆಳಗೆ ಕಬ್ಬಿಣದ ರಾಡ್ ಇಟ್ಟು "ಟೈರ್ ತಟ್ಟಿ ನೋಡಾಕೆ" ಅನ್ನುತ್ತಾರೆ. ದುರ್ಗದ ಕಾರುಗಳ ಡಿಕ್ಕಿಯಲ್ಲಿ ಕ್ರಿಕೆಟ್ ಬ್ಯಾಟು ಇದೆ. ಚೆಂಡು ಎಷ್ಟು ಜನರ ಬಳಿ ಇದೆ ಎಂದು ಒಮ್ಮೆ ತಡೆದು ಕೇಳಿ ನೋಡಿ. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಿ ಎಂದು ನಮ್ಮ ಸಂಘದ ಹೆಂಗಸರಿಗೆ ಬುದ್ಧಿ ಹೇಳಿದವರೂ ನಿಮ್ಮ ಇಲಾಖೆಯವರೇ. ಮಹಿಳಾ ದಿನಾಚರಣೆಗೆ ಬಂದು, ಶಾಲು ಹೊದ್ದು, ಓಬವ್ವನ ಹೆಸರಿಗೆ ಚಪ್ಪಾಳೆ ಹೊಡೆಸಿ ಹೋಗಿದ್ದರು. ಆ ತಾಯಿ ಇವತ್ತು ಒನಕೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟರೆ, ಭತ್ತ ಕುಟ್ಟುವುದಕ್ಕೆ ಎಂದು ಸುಳ್ಳು ಹೇಳದೆ ನಿಮ್ಮ ಚೆಕ್‌ಪೋಸ್ಟ್ ದಾಟಲಾರಳು.

ಡಬ್ಬಿ ಹೋದ ಸುದ್ದಿ ಕೇಳಿ ನನ್ನ ಅತ್ತೆ ಮಲ್ಲಕ್ಕ ನಿಮ್ಮನ್ನು ಬೈಯಲಿಲ್ಲ, ನನ್ನನ್ನೇ ಬೈದರು. "ಲೇ ಹುಚ್ಚಿ, ಕುರಿ ಕಣ್ಣಿಗೆ ಹೊಡಿಯಾ ಔಷಧಿ ಅನ್ನಾಕೆ ನಿನಗೇನು ದಾಡಿ? ಪೊಲೀಸ್ರ ಮುಂದೆ ಯಾರಾರ ನಿಜ ಹೇಳ್ತಾರೇನೇ?" ಮರುದಿನದಿಂದ ಅವರೇ ನನ್ನ ಹಿಂದೆ ಕೂತು ಬರತೊಡಗಿದರು. ತೊಡೆಯ ಮೇಲೆ ಕುಡುಗೋಲು, ಕುಡುಗೋಲಿನ ಮೇಲೆ ಒಂದು ಹಿಡಿ ಹುಲ್ಲು. ನಿಮ್ಮವರು ಹುಲ್ಲು ನೋಡಿ "ಹೋಗ್ರಿ ಅಜ್ಜಿ" ಎಂದು ದಾರಿ ಬಿಟ್ಟರು. ನಮ್ಮ ಮನೆಯಲ್ಲಿ ಹುಲ್ಲು ತಿನ್ನುವ ದನವೇ ಇಲ್ಲ ಸಾಹೇಬರೇ. ಅದೇ ಹುಲ್ಲಿಗೆ ನೀರು ಚಿಮುಕಿಸಿ ವಾರವೆಲ್ಲ ಓಡಾಡಿಸಿದೆವು.

ಆದರೆ ಅತ್ತೆಗೆ ಮೊದಲೇ ಮಂಡಿನೋವು. ಕೊರಕಲು ದಾರಿಯಲ್ಲಿ ಕುಲುಕಾಡಿ ಈಗ ಹಾಸಿಗೆ ಹಿಡಿದಿದ್ದಾರೆ. ಹುಚ್ಚಕ್ಕನ ಹಟ್ಟಿಗೆ ಹೋಗುವುದನ್ನು ನಾನು ನಿಲ್ಲಿಸಿಬಿಟ್ಟೆ. ಮೊನ್ನೆ ಸಂತೆಯಲ್ಲಿ ಸಿಕ್ಕ ಆಕೆ ನನ್ನ ಕೈ ಹಿಡಿದುಕೊಂಡು, "ಮರಿಗಳು ಭೇದಿ ಹತ್ತಿ ಸಾಯ್ತಾ ಅವೆ ಕಣವ್ವ. ನೀನ್ಯಾಕೆ ಬರಾಕಿಲ್ಲ? ನಮ್ಮಿಂದ ಏನಾರ ತಪ್ಪಾತಾ?" ಎಂದಳು. ನನಗೆ ಅಳು ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಈ ಕೆಲಸ ಬಿಟ್ಟುಬಿಡು ಎಂದು ನನ್ನ ಗಂಡ ಮಲ್ಲೇಶ್ ದಿನಾ ಹೇಳುತ್ತಿದ್ದಾರೆ. ಬಿಟ್ಟರೆ ಆ ಇಬ್ಬರು ಪುಂಡರು ಗೆದ್ದಂತೆ. ಅವರ ಪರವಾಗಿ ನನ್ನ ಕೈ ಬರಿದು ಮಾಡಿದವರು ಸರ್ಕಾರದ ಸಂಬಳ ತಿನ್ನುವ ನೀವು.

ಆದ್ದರಿಂದ ನನ್ನ ಬೇಡಿಕೆ. ಗಾಡಿಯಲ್ಲಿ ಒಬ್ಬಳೇ ಹೋಗುವ ಹೆಂಗಸು ತನ್ನ ರಕ್ಷಣೆಗೆ ಏನನ್ನು ಇಟ್ಟುಕೊಳ್ಳಬಹುದು ಎಂಬುದನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸಿ ಪ್ರತಿ ಚೆಕ್‌ಪೋಸ್ಟಿನ ಮುಂದೆ ತೂಗುಹಾಕಿ. ಏನನ್ನೂ ಇಟ್ಟುಕೊಳ್ಳಕೂಡದು ಎನ್ನುವುದಾದರೆ ಅದನ್ನೇ ಬರೆಸಿ ಕೆಳಗೆ ಸಹಿ ಹಾಕಿ. ಜೊತೆಗೆ, ಸಂಜೆ ಆ ಹಟ್ಟಿಯ ದಾರಿಯಲ್ಲಿ ನಿಮ್ಮ ಕಡೆಯಿಂದ ಯಾರು ನಿಂತಿರುತ್ತಾರೆ ಎಂದು ಅವರ ಹೆಸರನ್ನೂ ಸೇರಿಸಿ.

ತಮ್ಮ ಉತ್ತರ ಬರುವವರೆಗೆ ಮರಿಗಳು ಬದುಕಿ ಕಾಯುವುದಿಲ್ಲ. ನಾನು ಹೊಸ ಡಬ್ಬಿ ಕೊಂಡಿದ್ದೇನೆ. ಸೋಮವಾರ ಸಂಜೆ ನಿಮ್ಮ ಚೆಕ್‌ಪೋಸ್ಟಿನ ಮುಂದೆಯೇ ಹಾದು ಒಬ್ಬಳೇ ಹೋಗುತ್ತೇನೆ. ಈ ಸಲ ಹುಡುಕುವ ಶ್ರಮ ಬೇಡ, ಎಲ್ಲರಿಗೂ ಕಾಣುವಂತೆ ಹ್ಯಾಂಡಲ್ಲಿಗೇ ಕಟ್ಟಿರುತ್ತೇನೆ. ಯಾತಕ್ಕೆ ಎಂದು ಕೇಳಿದರೆ ಹೋದ ಸಲ ಹೇಳಿದ್ದನ್ನೇ ಹೇಳುತ್ತೇನೆ. ಕೇಸು ಹಾಕುವುದಿದ್ದರೆ ಅಲ್ಲೇ ಹಾಕಿ, ಆದರೆ ಬೇಗ ಮುಗಿಸಿ. ಕತ್ತಲಾಗುವುದರೊಳಗೆ ನಾನು ಆ ದಾರಿ ದಾಟಬೇಕು.

ಇಂತಿ,
ಸುಳ್ಳು ಹೇಳಲು ಇನ್ನೂ ಸರಿಯಾಗಿ ಕಲಿಯದ
ಸುಚಿತ್ರಾ
ಪಶುಸಖಿ, ಬಾಗೂರು ಕಡೆಯವಳು