ಚೆಂಡು ಕೊಡುವವನು

ಬೆಂಗಳೂರು, 18-2-1981

ಅಪ್ಪಾಜಿಯವರಿಗೆ ಕರಿಬಸವನ ನಮಸ್ಕಾರ.

ತಿಪಟೂರಿನ ಪಂದ್ಯ ಮುಗಿದ ಮೇಲೆ ನಿಮ್ಮೊಡನೆ ಮಾತಾಡದೆ ಬಸ್ಸು ಹತ್ತಿದ್ದು ತಪ್ಪು. ಸಿಟ್ಟಿತ್ತು. ಈಗಲೂ ಇದೆ.

ಕಾರ್ಖಾನೆಯವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿರುವುದೇ ಬ್ಯಾಸ್ಕೆಟ್‌ಬಾಲ್ ತಂಡದ ಪಾಯಿಂಟ್ ಗಾರ್ಡ್ ಆಗಿ. ಚೆಂಡನ್ನು ನಡೆಸಿಕೊಂಡು ಹೋಗಿ, ಬುಟ್ಟಿಗೆ ಹಾಕಬಲ್ಲವನ ಕೈಗೆ ಕೊಡುವುದು ನನ್ನ ಕೆಲಸ. ಅವತ್ತು ನಾನು ಕೊಟ್ಟ ಹನ್ನೊಂದು ಚೆಂಡು ಬುಟ್ಟಿಗೆ ಬಿದ್ದವು. ಅದನ್ನು ಯಾರೂ ನನ್ನ ಹೆಸರಿಗೆ ಬರೆಯುವುದಿಲ್ಲ. ನೀವಂತೂ ಕೊಬ್ಬರಿ ಮಂಡಿಯ ಗೆಳೆಯರ ನಡುವೆ ನಿಂತು, “ಲೇ ಬಸ್ವಾ, ಎಲ್ಲಾ ಅವರಿಗೇ ಕೊಡ್ತೀಯಲ್ಲ, ನೀನೂ ಒಂದ್ ಹಾಕ್ಲಾ!” ಎಂದು ಕೂಗುತ್ತಲೇ ಇದ್ದಿರಿ.

ಕೊನೆಯ ಗಳಿಗೆಯಲ್ಲಿ ನಮ್ಮ ತಂಡದ ಜೋಸೆಫ್ ಬುಟ್ಟಿಯ ಕೆಳಗೆ ಒಬ್ಬನೇ ಕೈಯೆತ್ತಿ ನಿಂತಿದ್ದ. ನಿಮ್ಮ ಮಾತು ಕೇಳಿ ನಾನೇ ಎಸೆದೆ. ತಪ್ಪಿತು. ಒಂದು ಪಾಯಿಂಟಿನಿಂದ ಸೋತೆವು. “ಯಾರಿಗೆ ತೋರಿಸೋಕೆ ಎಸೆದ್ಯೋ?” ಎಂದು ಕೋಚ್ ಕೇಳಿದರು. ನಿಮ್ಮ ಹೆಸರು ಹೇಳಲಿಲ್ಲ.

ಅಂದಿನಿಂದ ಬೆಂಚಿನ ಮೇಲೆ ಕೂತಿದ್ದೇನೆ. ಏಪ್ರಿಲ್‌ವರೆಗೆ ಹೀಗೇ ಆದರೆ ಕೆಲಸ ಕಾಯಂ ಆಗುವುದಿಲ್ಲ.

ಮತ್ತೆ ಆಡಿಸಿದರೆ ಕಾಗದ ಹಾಕುತ್ತೇನೆ. ನೀವು ಬರಲೇಬೇಕು. ಸುಮ್ಮನಿರಿ ಎಂದರೆ ನಿಮ್ಮಿಂದ ಆಗದು. ಚೆಂಡು ಹಾಕಿದವನ ಹೆಸರನ್ನೇ ಕೂಗಿ. ಅದು ನನಗೂ ಸೇರುತ್ತದೆ.

ನಿಮ್ಮ ಮಗ,
ಕರಿಬಸವ