ಒಂಬತ್ತನೇ ಮೆಟ್ಟಿಲು

ಮಾರ್ಚ್ 3. ಬೆಳಿಗ್ಗೆ 7
ಒಂಟಿ ಕಾಲಲ್ಲಿ ನಿಂತು ಮೂರು ಎಣಿಸುವಷ್ಟರಲ್ಲಿ ಬೀರು ಹಿಡಿದುಕೊಂಡೆ. ಬಲಗಾಲಿನ ಪ್ಲಾಸ್ಟರ್ ಬಿಚ್ಚಿ ಎರಡು ವಾರ. ಕಾಲು ನನ್ನದೇ ಅನ್ನಿಸುತ್ತಿಲ್ಲ. ಒಬ್ಬರೇ ಮಾಡಬೇಡಿ, ಜೊತೆಗೊಬ್ಬರು ಬೇಕು ಅಂದಿದ್ದಾರೆ ಫಿಸಿಯೋ ಮೇಡಂ. ಯಜಮಾನರಿಗೆ ಬೆಳಗಿನ ಪಾಳಿ. ತಮ್ಮ ಅತ್ತಿಗೆಯನ್ನು ಒಪ್ಪಿಸಿ ಬಂದಿದ್ದಾರೆ. ಅಂದರೆ ನನ್ನ ವಾರಗಿತ್ತಿಯನ್ನು. ಇನ್ನೊಂದು ಕಾಲೂ ಮುರಿದಿದ್ದರೆ ವಾಸಿಯಿತ್ತು.

ಆದರೆ ಬೇರೆ ದಾರಿಯಿಲ್ಲ. ಮಹಡಿಯ ಮೇಲಿನ ನನ್ನ ಹೊಲಿಗೆ ಅಂಗಡಿಗೆ ಇಪ್ಪತ್ತೊಂದು ಮೆಟ್ಟಿಲು. ಮೂವತ್ತನೇ ತಾರೀಖಿನೊಳಗೆ ಬಾಗಿಲು ತೆಗೆಯದಿದ್ದರೆ ಮಾಲೀಕರು ಕೋಣೆ ಬೇರೆಯವರಿಗೆ ಕೊಡುತ್ತಾರಂತೆ. ಒಂಬತ್ತು ವರ್ಷದ ಅಂಗಡಿ...

ಮಾರ್ಚ್ 4
ವಾರಗಿತ್ತಿ ಬಂದರು. ಕರೆಯುವುದು ಮಾತ್ರ ಅಕ್ಕ ಅಂತ. ಎದುರುಬದುರು ನಿಂತು ಅಂಗೈಗೆ ಅಂಗೈ ಕೊಡಬೇಕು. ಕೊಟ್ಟೆವು, ಇಬ್ಬರೂ ಗೋಡೆ ನೋಡುತ್ತ. ಅಂಗಡಿ ತೆರೆದ ದಿನ ಇವರು ಮೇಲೆ ಬರಲೇ ಇಲ್ಲ. ಗೇಟು ದಾಟಿ ವಾಪಸ್ ಹೋಗುವಾಗ ಕಿಟಕಿಯಿಂದ ಬೆನ್ನು ಕಂಡಿತ್ತು. ಆಮೇಲೂ ಬಟ್ಟೆ ಹೊಲಿಸಿದ್ದೆಲ್ಲ ಮುಖ್ಯರಸ್ತೆಯ ದರ್ಜಿಯ ಹತ್ತಿರ. ಅವನು ಕೂಡಿಸಿದ ತೋಳು ಭುಜದಲ್ಲಿ ಸುಕ್ಕುಗಟ್ಟಿ ಮುಖ ಗಂಟಿಕ್ಕಿಕೊಂಡಿರುತ್ತದೆ. ಬಿಚ್ಚಿಹಾಕಲು ಕೈ ತುರಿಸುತ್ತದೆ.

ಮಾರ್ಚ್ 9
ಕೈ ಹಿಡಿದುಕೊಂಡು ಕುರ್ಚಿಯಿಂದ ಏಳುವುದು, ಹತ್ತು ಸಲ. "ಏಳಮ್ಮ ಮಹಾರಾಣಿ" ಅಂದರು. ನಗು ಬಂತು, ನುಂಗಿಕೊಂಡೆ. ಅವರ ಕೈಯೂ ನಡುಗುತ್ತಿತ್ತು. ನನ್ನ ಭಾರಕ್ಕಿರಬೇಕು.

ಮಾರ್ಚ್ 17
ಎಂಟು ದಿನ ಬರೆದಿಲ್ಲ. ಬೈಯಲು ಏನೂ ಸಿಗಲಿಲ್ಲ. ಇವತ್ತು ಹನ್ನೆರಡು ಎಣಿಸುವವರೆಗೆ ಒಂಟಿ ಕಾಲಲ್ಲಿ ನಿಂತೆ.

ಮಾರ್ಚ್ 19. ಮಧ್ಯಾಹ್ನ
ಹೊಸ ವ್ಯಾಯಾಮ. ಬೆನ್ನಿಗೆ ಬೆನ್ನು ಕೊಟ್ಟು, ತೋಳು ಹೆಣೆದು, ಅರ್ಧ ಕೂತು ಒಟ್ಟಿಗೆ ಏಳಬೇಕು. ಒಬ್ಬರು ಸಡಿಲ ಬಿಟ್ಟರೆ ಇಬ್ಬರೂ ನೆಲಕ್ಕೆ. ಮುಖ ಕಾಣುವುದಿಲ್ಲವಲ್ಲ... ಬಾಯಿ ತಡೆಯಲಿಲ್ಲ.

"ನನ್ನ ಹೊಲಿಗೆ ಅಷ್ಟು ಕೆಟ್ಟದಾ ಅಕ್ಕ? ಅಂಗಡಿ ತೆರೆದ ದಿನವೂ ಮೇಲೆ ಬರಲಿಲ್ಲ ನೀವು."

ಬೆನ್ನು ಬಿಗಿಯಾಯಿತು.

"ಬಂದೆ ಕಣೆ. ಒಂಬತ್ತನೇ ಮೆಟ್ಟಿಲಲ್ಲಿ ಕಾಲು ನಡುಗೋಕೆ ಶುರುವಾಯ್ತು. ಮೇಲೂ ಆಗಲ್ಲ, ಕೆಳಗೂ ಆಗಲ್ಲ. ಮೇಲೆ ನಿನ್ನ ಗಿರಾಕಿಗಳ ಮಾತು ಕೇಳಿಸ್ತಿತ್ತು. ಕೂತ್ಕೊಂಡು, ಒಂದೊಂದೇ ಮೆಟ್ಟಿಲು ಜಾರಿ ಇಳಿದೆ. ಆಮೇಲೆ ಹತ್ತೋ ಧೈರ್ಯನೇ ಬರಲಿಲ್ಲ."

"ಹೇಳಬಾರದಿತ್ತಾ?"

"ಏನಂತ ಹೇಳಲಿ? ಮನೆಗೆ ದೊಡ್ಡವಳು ನಾನು. ಜಂಬ ಅಂದ್ಕೊಂಡ್ರೂ ಪರವಾಗಿಲ್ಲ ಅನ್ನಿಸ್ತು."

ಸಡಿಲ ಬಿಟ್ಟಿದ್ದು ನಾನೇ. ಇಬ್ಬರೂ ನೆಲಕ್ಕೆ ಜಾರಿದೆವು. ಅವರಿಗೆ ನಗು, ನನಗೆ ಅಳು. ಒಂಬತ್ತು ವರ್ಷ ಸುಮ್ಮನೆ ಹಲ್ಲು ಕಡಿದಿದ್ದೆ. ಆಮೇಲೆ ಕುರ್ಚಿ ಎಳೆದುಕೊಂಡು ಹೇಗೋ ಎದ್ದೆವು.

ಮಾರ್ಚ್ 20
ಇವತ್ತಿನಿಂದ ಅವರಿಗೂ ನಾನು ಎಣಿಸುತ್ತೇನೆ. ಐದಕ್ಕೇ ಗೋಡೆ ಹಿಡಿದರು. "ನಿಧಾನ, ಮಹಾರಾಣಿ" ಅಂದೆ. ಬಹಳ ಹಿತವಾಯಿತು.

ಮಾರ್ಚ್ 29. ಬೆಳಿಗ್ಗೆ 11, ಅಂಗಡಿ
ಹತ್ತಿದೆವು. ಒಂಬತ್ತನೆಯದರಲ್ಲಿ ಅಕ್ಕ ನಿಂತರು. ನಾನೂ ನಿಂತೆ. ಅಂಗೈಗೆ ಅಂಗೈ ಕೊಟ್ಟೆವು. ಯಾರ ನಡುಕ ಯಾರದೋ. "ಬನ್ನಿ ಅಕ್ಕ" ಅಂದೆ. ಬಂದರು.

ಮೆಷಿನ್ ಮೇಲೆ ಬೆರಳು ದಪ್ಪ ಧೂಳು. ಒರೆಸುವ ಮೊದಲೇ ಅಕ್ಕ ಚೀಲದಿಂದ ಬಟ್ಟೆಯೊಂದನ್ನು ತೆಗೆದಿಟ್ಟರು. ನೀಲಿ ಬಣ್ಣದ್ದು. ಮಡಿಕೆಯ ಗೆರೆಗಳೆಲ್ಲ ಬಿಳಿಚಿಕೊಂಡಿವೆ. "ಅವತ್ತು ತಂದಿದ್ದು. ಮೊದಲ ಅಂಗಿ ನಂದೇ ಆಗಲಿ ಅಂತ."

ಅಳತೆ ಪುಸ್ತಕ ಎಲ್ಲಿದೆಯೋ, ಇದರಲ್ಲೇ ಬರೆಯುತ್ತಿದ್ದೇನೆ. ಕಣ್ಣು ಮಂಜು, ಟೇಪಿನ ಅಂಕಿ ಸರಿಯಾಗಿ ಕಾಣುತ್ತಿಲ್ಲ. ಭುಜ 15. ತೋಳು 21. ಎದೆ 38. ಸೊಂಟ — ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದಾರೆ. ಉಸಿರು ಬಿಡಿ ಅಕ್ಕ ಅಂದರೆ ಬಿಡುತ್ತಿಲ್ಲ. ಬೇಕಾದಾಗ ಬಿಡಲಿ, ನನಗೇನು ಅವಸರ, ನಿಂತೇ ಕಾಯುತ್ತೇನೆ.