ಮೂವರಾದ ಮೇರಿಮ್

ಫೆಬ್ರವರಿ ೪, ೨೦೧೪. ಮಂಗಳವಾರ. ಬಿಷ್ಕೆಕ್.

ಬಾತ್ಮಾ ಸಪರೋವ್ನಾ ತೊಕ್ತೊರ್ಬಾಯೆವಾ. ವೈದ್ಯಕೀಯ ಶಾಲೆಯಲ್ಲಿ ಲ್ಯಾಟಿನ್ ಬೋಧನೆ, ಮೂವತ್ತೇಳು ವರ್ಷ. ಹೊಸ ನೋಟ್‌ಬುಕ್ಕಿನ ಮೊದಲ ಸಾಲು ಯಾವಾಗಲೂ ಇದೇ. ಓದುವವರು ಯಾರೂ ಇಲ್ಲ. ಆದರೂ ಹೆಸರಿಲ್ಲದ ಪುಸ್ತಕವನ್ನು ಸಹಿಸಲಾರೆ.

ಡಾಕ್ಟರ್ ಕುಬಾನಿಚ್‌ನ ಲೇಖನ ನಿನ್ನೆಯಿಂದ ಕೈಯಲ್ಲಿದೆ. ಹೊರದೇಶದ ಜರ್ನಲ್ಲಿಗೆ ಹೋಗತಕ್ಕದ್ದು. ಉಲ್ಲೇಖಗಳು ಐವತ್ತೆರಡು. ಮೊದಲು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರಿನ ಮೊದಲಕ್ಷರ, ನಡುವೆ ಅಲ್ಪವಿರಾಮ ಕೂಡದು. ವರ್ಷ, ಸಂಪುಟ, ಪುಟ. ನಮ್ಮ ಸಿರಿಲಿಕ್ ಲಿಪಿಯಲ್ಲಿರುವುದನ್ನೆಲ್ಲ ಲ್ಯಾಟಿನ್ ಅಕ್ಷರಕ್ಕೆ ತರಬೇಕು. ಇಂದು ಹದಿನಾರರವರೆಗೆ ಮುಗಿಯಿತು. ಇಷ್ಟು ದೊಡ್ಡ ವೈದ್ಯನಾದರೂ ಚುಕ್ಕೆ ಎಲ್ಲಿಡಬೇಕೆಂಬುದು ತಿಳಿಯದು. ಕಲಿಸಿದವಳು ನಾನೇ; ಯಾರನ್ನು ದೂರಲಿ?

ಫೆಬ್ರವರಿ ೬. ಗುರುವಾರ.

ಒಂದು ವಾಕ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ‘ನವಜಾತ ಶಿಶುಗಳಿಗೆ ಈ ಇಂಜೆಕ್ಷನ್ನನ್ನು ದಿನಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಡುವುದು ಸುರಕ್ಷಿತವೆಂದು ಮೂರು ಪ್ರತ್ಯೇಕ ಅಧ್ಯಯನಗಳು ತೋರಿಸಿವೆ — ೧೭, ೨೩, ೩೧.’

ಹದಿನೇಳು: ಕಿಝಿ ಎಂ. ಇಪ್ಪತ್ಮೂರು: ಸಗಿನ್ ಎಂ. ಮೂವತ್ತೊಂದು: ಸಗಿನೊವಾ ಎಂ.

‘ಕಿಝಿ’ ಯಾರ ಮನೆತನವೂ ಅಲ್ಲ. ಕಿರ್ಗಿಜ್‌ನಲ್ಲಿ ಮಗಳು ಎಂದಷ್ಟೇ ಅರ್ಥ. ಹೊರದೇಶದ ಕಂಪ್ಯೂಟರಿಗೆ ಅದು ತಿಳಿಯದು. ಸಿಕ್ಕಿದ ಪದವನ್ನು ಮನೆತನ ಮಾಡಿಬಿಡುತ್ತದೆ. ಸಗಿನ್ ಕಿಝಿ ಮೇರಿಮ್ — ಸಗಿನ್‌ನ ಮಗಳು ಮೇರಿಮ್. ನನ್ನ ವಿದ್ಯಾರ್ಥಿನಿ, ಎರಡನೇ ಬೆಂಚು. ಆಗ ಸಗಿನೊವಾ. ಆಮೇಲೆ ಪಾಸ್‌ಪೋರ್ಟ್ ಬದಲಿಸಿ ‘ಒವಾ’ ಎಂಬ ಆ ರಷ್ಯನ್ ಬಾಲ ಕತ್ತರಿಸಿದಳು, ಈಗ ಅನೇಕರು ಮಾಡುವಂತೆ.

ಮೂರು ಸಾರಾಂಶಗಳನ್ನೂ ತೆರೆದೆ. ಮೂರರಲ್ಲೂ ನಲವತ್ತೊಂದು ಶಿಶುಗಳು. ಅದೇ ವಾರ್ಡು, ಅದೇ ವರ್ಷ. ಒಬ್ಬಳೇ ಮೇರಿಮ್ ಮೂವರಾಗಿದ್ದಾಳೆ.

ಅದೇ ದಿನ, ಸಂಜೆ ೫.

ಅಕ್ಟೋಬರಿನ ಫೈಲು ತೆರೆದು ನೋಡಿದೆ. ಈ ಚಿಕಿತ್ಸೆಗೆ ಅನುಮತಿ ಕೋರಿ ಕುಬಾನಿಚ್ ಆಸ್ಪತ್ರೆಯ ಸಮಿತಿಗೆ ಸಲ್ಲಿಸಿದ ಪತ್ರ. ಅಲ್ಲೂ ಈ ಮೂವರು, ಬೇರೆಬೇರೆ ಸಂಖ್ಯೆಗಳಡಿ ದೂರದೂರ ಕುಳಿತಿದ್ದಾರೆ. ಆ ಪಟ್ಟಿಯನ್ನು ಸಿದ್ಧಪಡಿಸಿದವಳು ನಾನು. ಒಂದು ಚುಕ್ಕೆಯೂ ತಪ್ಪಿಲ್ಲವೆಂದು ಸಮಿತಿ ಹೊಗಳಿತ್ತು. ಅನುಮತಿ ದೊರೆಯಿತು. ಡಿಸೆಂಬರಿನಿಂದ ಆತನ ವಾರ್ಡಿನಲ್ಲಿ ಇಂಜೆಕ್ಷನ್ ನಡೆಯುತ್ತಿದೆ.

ಚುಕ್ಕೆ ನೋಡಿದೆ. ಹೆಸರು ನೋಡಲಿಲ್ಲ.

ಫೆಬ್ರವರಿ ೭. ಶುಕ್ರವಾರ.

ಕುಬಾನಿಚ್ ಬಂದಿದ್ದ. ಹಳೆಯ ವಿದ್ಯಾರ್ಥಿಗಳೆಲ್ಲರಂತೆ ಇವನೂ ನನ್ನನ್ನು ಎಜೆ, ಅಕ್ಕ, ಎಂದೇ ಕರೆಯುವುದು. ಹಾಲು ಹಾಕಿದ ಚಹಾ, ಎಣ್ಣೆಯಲ್ಲಿ ಕರಿದ ಬೊರ್ಸೋಕ್ ಕೊಟ್ಟೆ. ಪಟ್ಟಿ ಮುಂದಿಟ್ಟೆ. ನಕ್ಕ.

“ಎಜೆ, ನೀವಿನ್ನೂ ನಮ್ಮ ಹಾಜರಿ ಕೂಗ್ತಾನೇ ಇದೀರಲ್ಲ! ಮೂರು ಕಡೆ ಅಚ್ಚಾಗಿದೆ, ಮೂರು ನಂಬರು. ಅಷ್ಟೇ.”

“ಅಚ್ಚು ಮೂರು, ಮಕ್ಕಳು ಒಂದೇ ಗುಂಪು. ಪ್ರತ್ಯೇಕ ಅಂತ ಹೇಗೆ ಬರೀತೀಯ?”

“ನೀವು ಚುಕ್ಕೆ ಇಟ್ಟು ಕೊಡಿ ಸಾಕು. ಡಾಕ್ಟರು ನಾನು.”

“ಸಮಿತಿಗೆ ತಿಳಿಸಬೇಕು.”

ನಗು ನಿಂತಿತು. ಇನ್ನು ಚಹಾ ಬೇಡವೆಂದು ಬಟ್ಟಲನ್ನು ಮಗುಚಿಟ್ಟ. “ತಿಳಿಸಿ. ಆದ್ರೆ ಆ ಪಟ್ಟಿ ಮಾಡಿದ್ದು ಯಾರು ಅಂತ ಕೇಳ್ತಾರೆ. ವಯಸ್ಸಾಯ್ತು, ಮರೆವು ಅಂದ್ರೆ ನಾನು ಇಲ್ಲ ಅನ್ನೋಕಾಗುತ್ತಾ, ಎಜೆ?”

ಬಾಗಿಲಲ್ಲಿ ಬಗ್ಗಿ, ಎರಡೂ ಕೈ ಹಿಡಿದು ಬೀಳ್ಕೊಂಡ. ಮರ್ಯಾದೆಗೆ ಕೊರತೆಯಿಲ್ಲ.

ಫೆಬ್ರವರಿ ೧೨.

ಮೇರಿಮ್ ಫೋನಿಗೆ ಸಿಕ್ಕಿದಳು. ಈಗ ದೂರದ ಬೆಟ್ಟದೂರು ನಾರಿನ್‌ನಲ್ಲಿದ್ದಾಳೆ, ಸಣ್ಣ ದವಾಖಾನೆ. ದನಿಯಲ್ಲಿ ಹಿಂದಿನ ಧೈರ್ಯವಿಲ್ಲ.

“ಎಜೆ, ಆ ಮಕ್ಕಳು ಮನೆಗೆ ಹೋಗೋ ದಿನ ಚೆನ್ನಾಗೇ ಇದ್ರು. ಹಾಗಂತ್ಲೇ ಬರ್ದೆ. ಎರಡು ವರ್ಷ ಬಿಟ್ಟು ಮನೆಮನೆಗೆ ಹೋದೆ. ಹಿಂದೆ ನಿಂತು ಕೂಗಿದ್ರೆ ಒಂಬತ್ತು ಮಕ್ಕಳು ತಿರುಗ್ಲೇ ಇಲ್ಲ.”

“ಅದನ್ನ ಬರೀಲಿಲ್ವೇನೆ?”

“ಬರ್ದೆ. ಕಿರ್ಗಿಜ್‌ನಲ್ಲಿ, ಇಲ್ಲಿನ ಪತ್ರಿಕೇಲಿ. ಯಾರು ಓದ್ತಾರೆ? ಕುಬಾನಿಚ್ ಅವ್ರಿಗೆ ಕೈಯಲ್ಲೇ ಕೊಟ್ಟಿದ್ದೆ. ಮರುತಿಂಗಳೇ ನನ್ನ ಇಲ್ಲಿಗೆ ಹಾಕಿದ್ರು.”

ಹಾಗಾದರೆ ಆತನಿಗೆ ಗೊತ್ತು. ಕಿರ್ಗಿಜ್ ಮಾಧ್ಯಮದಲ್ಲಿ ಓದಿದವಳು ನಾನು; ಆ ಪತ್ರಿಕೆಯನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಹೊರದೇಶದ ಪಟ್ಟಿಗಳಲ್ಲಿ ಅದು ಬರುವುದಿಲ್ಲ ಎಂಬ ಕಾರಣಕ್ಕೆ...

ಫೆಬ್ರವರಿ ೧೫. ಶನಿವಾರ.

ವಾರ್ಡಿನ ನರ್ಸ್ ಚೊಲ್ಪೊನ್ ಬಂದಳು. ಅವಳೂ ನನ್ನ ವಿದ್ಯಾರ್ಥಿನಿ. ಬಾಗಿಲಲ್ಲೇ ಶುರು.

“ಎಜೆ, ಊರೆಲ್ಲ ನಿಮಗೆ ಮರೆವು ಅಂತಿದೆ. ನನಗೇನೋ ಹಬ್ಬ ಆಯ್ತು, ಪರೀಕ್ಷೇಲಿ ಎರಡು ಸಲ ಫೇಲ್ ಮಾಡಿದ್ದು ಮರ್ತಿರ್ತೀರ ಅಂತ.”

“ಮೂರು ಸಲ.”

ನಕ್ಕಳು. ಕೋಟು ಬಿಚ್ಚಲಿಲ್ಲ. ದನಿ ತಗ್ಗಿಸಿ ಹೇಳಿದಳು: “ಮೊನ್ನೆ ಸ್ಟೀಲ್ ಟ್ರೇ ಕೈ ಜಾರಿ ಬಿತ್ತು ಎಜೆ. ಇಡೀ ವಾರ್ಡು ಬೆಚ್ಚಿ ಅಳ್ತು. ಕಿಟಕಿ ಪಕ್ಕದ ನಾಲ್ಕು ತೊಟ್ಟಿಲು ಬಿಟ್ಟು. ಅವು ಕಣ್ಣು ಬಿಟ್ಕೊಂಡು ಸುಮ್ನೆ ನೋಡ್ತಿದ್ವು.”

ಆ ನಾಲ್ಕಕ್ಕೂ ಇಂಜೆಕ್ಷನ್ ಆಗಿದೆಯೇ ಎಂದು ಕೇಳಿದೆ. ತಲೆಯಾಡಿಸಿದಳು.

ಫೆಬ್ರವರಿ ೨೪. ಸೋಮವಾರ.

ಒಂಬತ್ತು ದಿನ ಬರೆಯಲಾಗಲಿಲ್ಲ. ಕುಬಾನಿಚ್ ಲೇಖನವನ್ನು ವಾಪಸು ತರಿಸಿಕೊಂಡ, ಬೇರೆಯವರಿಂದ ಮಾಡಿಸುತ್ತಾನಂತೆ. ಶಾಲೆಯವರು ನನ್ನಲ್ಲಿದ್ದ ವಾಚನಾಲಯದ ಬೀಗದ ಕೈ ಕೇಳಿ ಪಡೆದರು — ‘ವಿಶ್ರಾಂತಿ ತಗೊಳ್ಳಿ, ಎಜೆ.’ ಸಮಿತಿಗೆ ಎರಡು ಸಲ ಫೋನು ಮಾಡಿದೆ. ಬರಹದಲ್ಲಿ ಕೊಡಿ ಎಂದರು.

ಬರಹದಲ್ಲಿ ಕೊಡುವುದೆಂದರೆ ನನ್ನ ತಪ್ಪಿಗೆ ನಾನೇ ಸಹಿ ಹಾಕುವುದು. ಆ ಸಹಿಯನ್ನೇ ತೋರಿಸಿ ‘ನೋಡಿ, ಮರೆವು’ ಎನ್ನುತ್ತಾನೆ. ಮೂವತ್ತೇಳು ವರ್ಷದಲ್ಲಿ ಯಾರೂ ನನ್ನ ಪುಟಕ್ಕೆ ಕೆಂಪು ಶಾಯಿ ತಾಗಿಸಿದ್ದಿಲ್ಲ.

ಬೆಳಿಗ್ಗೆ ಚೊಲ್ಪೊನ್ ಫೋನು. ಕಿಟಕಿ ಪಕ್ಕ, ಇಂಜೆಕ್ಷನ್ನಿನ ಸಾಲಿನಲ್ಲಿ, ಈಗ ಏಳು ತೊಟ್ಟಿಲು.

ಮಾರ್ಚ್ ೩. ಸೋಮವಾರ. ಬೆಳಿಗ್ಗೆ ೯.

ಪತ್ರ ಮುಗಿಯಿತು. ಎರಡು ಪ್ರತಿ: ಒಂದು ಸಮಿತಿಗೆ, ಒಂದು ಜರ್ನಲ್ ಸಂಪಾದಕರಿಗೆ. ‘ಒಬ್ಬಳನ್ನು ಮೂವರೆಂದು ಎಣಿಸಿದ ಪಟ್ಟಿ ನನ್ನ ಕೈಯದು’ ಎಂದೇ ಆರಂಭಿಸಿದ್ದೇನೆ. ತಿದ್ದಿಲ್ಲ, ಮೃದು ಮಾಡಿಲ್ಲ. ಹನ್ನೊಂದಕ್ಕೆ ಅಂಚೆ ಕಚೇರಿ. ಲಗತ್ತುಗಳನ್ನು ಮೊದಲು ಇಲ್ಲಿ ಬರೆದುಕೊಂಡು ಜೋಡಿಸುತ್ತೇನೆ —

೧. ಅಕ್ಟೋಬರಿನ ಪಟ್ಟಿ, ನನ್ನ ಕೈಬರಹದ ಕರಡಿನೊಂದಿಗೆ.

೨. ಮೇರಿಮ್‌ಳ ಮೂರು ಸಾರಾಂಶಗಳು. ಮೂರರಲ್ಲೂ ಒಂದೇ ಕೋಷ್ಟಕ, ಅಂಕಿಗಳಿಗೆ ಅಡಿಗೆರೆ ಎಳೆದಿದೆ.

೩. ಆಕೆಯ ಹೆಸರು ಬದಲಾವಣೆಯ ಪ್ರಮಾಣಪತ್ರದ ನಕಲು. ನಾರಿನ್‌ನಿಂದ ಬಸ್ ಚಾಲಕನ ಕೈಯಲ್ಲಿ ಕಳಿಸಿದಳು.

೪. ಒಂಬತ್ತು ಮಕ್ಕಳ ಕುರಿತ ಆಕೆಯ ಲೇಖನ, ನನ್ನ ಅನುವಾದ ಸಹಿತ.

೫. ಡಿಸೆಂಬರಿನಿಂದ ಇಂಜೆಕ್ಷನ್ ಪಡೆದ ಶಿಶುಗಳ ಪಟ್ಟಿ, ಚೊಲ್ಪೊನ್ ಬರೆದುಕೊಟ್ಟದ್ದು. ಹೆಸರಿಡುವ ಮೊದಲೇ ಬಂದವರಿಗೆ ತಾಯಿಯ ಹೆಸರು. ಒಟ್ಟು ಇಪ್ಪತ್ತಾರು. ಅಲ್ಲ — ಈಗಷ್ಟೇ ಫೋನು ಮಾಡಿದಳು — ಇಪ್ಪತ್ತೇಳು. ಇಪ್ಪತ್ತೇಳನೆಯದು ಹೆಣ್ಣು, ಮೂರು ದಿನದ್ದು, ಮೊದಲ ಇಂಜೆಕ್ಷನ್ ಹತ್ತು ಗಂಟೆಗೆ, ತಾಯಿ — ಹತ್ತಕ್ಕೆ? ಅಂಚೆ ಆಮೇಲೆ; ಮೊದಲು ವಾರ್ಡು.